ಕೆರೆಯಂಗಳದ ಹಕ್ಕಿನಡಿಗೆ

ಒಣಗಿದ ಕೆರೆಗೆ ಬಾಡಿಗೆ ಇಲ್ಲ. ಸಂಘಮಿತ್ರ ಹಾಕಿದ ಲೆಕ್ಕದಲ್ಲಿ ಮೊದಲು ಬಂದದ್ದು ಅದೇ. ಬೆಂಗಳೂರಿನಲ್ಲಿ ಮರದ ನೆಲದ ಹಾಲಿಗೆ ಗಂಟೆಗೆ ಆರುನೂರು ರೂಪಾಯಿ ಕೇಳುತ್ತಾರೆ. ಗೌರಿಬಿದನೂರಿನ ಕಲ್ಯಾಣಮಂಟಪಗಳು ಆಷಾಢದಲ್ಲಿ ಅಗ್ಗಕ್ಕೆ ಸಿಗುತ್ತವೆ, ಆದರೆ ಗ್ರಾನೈಟ್ ನೆಲದ ಮೇಲೆ ಒಂದು ವಾರ ಬಿದ್ದೆದ್ದರೆ ಉಳಿಸಿದ ದುಡ್ಡು ಮೂಳೆ ಡಾಕ್ಟರಿಗೆ ಹೋಗುತ್ತದೆ. ಮಂಡಿಪಟ್ಟಿ ಜೋಡಿಗೆ ಒಂಬೈನೂರು. ಶಾಲೆಗೆ ಹಾಕಿದ ರಜೆ ಎರಡು ತಿಂಗಳದ್ದು, ಸಂಬಳವಿಲ್ಲ. ದಿಬ್ಬೂರಹಳ್ಳಿಯಿಂದ ಎರಡು ಮೈಲಿ ಆಚೆಯ ಊರಿನಲ್ಲಿ ಮಹಡಿಯ ಮೇಲೊಂದು ಕೋಣೆ, ಬೆಳಗಿನ ಕಾಫಿ, ಎರಡು ಹೊತ್ತು ಮುದ್ದೆ ಸಾರು ಸೇರಿ ತಿಂಗಳಿಗೆ ನಾಲ್ಕು ಸಾವಿರ. ಇವೆಲ್ಲ ಮತ್ತೆ ದುಡಿದು ತುಂಬಿಕೊಳ್ಳಬಹುದಾದ ಖರ್ಚು. ತುಂಬಿಕೊಳ್ಳಲಾಗದ್ದು ಒಂದೇ, ಮೂವತ್ತೊಂಬತ್ತು ವರ್ಷದ ಮಂಡಿ. ಅದು ಇನ್ನೊಂದು ನೃತ್ಯಕ್ಕೆ ಸಾಕಾಗಬಹುದು, ಎರಡಕ್ಕೆ ಸಾಲದು.

ಆಕೆ ಬೆಂಗಳೂರಿನ ತಂಡಗಳಲ್ಲಿ ಬಹಳ ವರ್ಷ ಕುಣಿದವಳು. ಗೆಜ್ಜೆಯಿಲ್ಲದ, ಕಥೆಯಿಲ್ಲದ, ಮೈ ಒಂದನ್ನೇ ನಂಬುವ ಈ ಕಾಲದ ನೃತ್ಯ. ಬೇರೆಯವರು ಕಟ್ಟಿದ ನೃತ್ಯಗಳಲ್ಲಿ ಅಲೆಯಾಗಿದ್ದಳು, ಮರವಾಗಿದ್ದಳು, ಒಮ್ಮೆ ಇಡೀ ಹಂಗಾಮು ಬಂಡೆಯಾಗಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಆಮೇಲೆ ಅಮ್ಮನಿಗೆ ಆರೋಗ್ಯ ಕೆಟ್ಟು ಗೌರಿಬಿದನೂರಿಗೆ ವಾಪಸು ಬಂದು, ಖಾಸಗಿ ಶಾಲೆಯೊಂದರಲ್ಲಿ ಮಕ್ಕಳಿಗೆ ವಾರ್ಷಿಕೋತ್ಸವದ ಕುಣಿತ ಕಲಿಸುತ್ತಿದ್ದಳು. ತನ್ನದು ಎಂದು ಹೇಳಿಕೊಳ್ಳುವ ಒಂದು ನೃತ್ಯವೂ ಇರಲಿಲ್ಲ.

ಹಳೆಯ ತಂಡದ ಪ್ರಿಯಂವದಾ ಈಗ ಒಂದು ಉತ್ಸವ ನಡೆಸುತ್ತಿದ್ದರು. ಕಾಡಂಚು, ಕಲ್ಲುಗುಡ್ಡ, ಹೊಳೆದಂಡೆ, ಎಲ್ಲಿ ಹುಟ್ಟಿತೋ ಅಲ್ಲೇ ನೃತ್ಯವನ್ನು ತೋರಿಸಬೇಕು. ನೋಡುವವರನ್ನು ಬಸ್ಸಿನಲ್ಲಿ ಅಲ್ಲಿಗೇ ಕರೆತರುತ್ತಾರೆ. ಗಣೇಶನ ಹಬ್ಬ ಕಳೆದ ಮೇಲಿನ ಭಾನುವಾರ ಬಂದು ನೋಡುತ್ತೇನೆ, ಹಿಡಿಸಿದರೆ ಜನವರಿಯಲ್ಲಿ ಜಾಗ ಕೊಡುತ್ತೇನೆ ಎಂದಿದ್ದರು.

“ಅಷ್ಟರಲ್ಲಿ ಮಳೆ ಬಂದು ಕೆರೆ ತುಂಬ್ಕೊಂಡ್ರೆ ಏನೇ ಮಾಡ್ತೀಯ?” ಎಂದು ಫೋನಿನಲ್ಲಿ ಕೇಳಿದ್ದರು.

“ಆ ಕೆರೆ ತುಂಬಲ್ಲ ಮೇಡಂ. ಸುತ್ತಮುತ್ತ ಎಲ್ಲಾ ತುಂಬಿದ ವರ್ಷನೂ ಅದಕ್ಕೆ ಬಂದಿಲ್ಲ. ನೀರು ಬರೋ ಕಾಲುವೆನೇ ಮುಚ್ಚೋಗಿದೆ.” ಒಳ್ಳೆಯ ಮನೆಮಾಲೀಕನ ಬಗ್ಗೆ ಹೇಳುವವಳ ಹಾಗೆ ಹೇಳಿದ್ದಳು.

ಆ ಕೆರೆಯ ವಿಷಯ ಆಕೆಗೆ ಗೊತ್ತಿದ್ದದ್ದು ಅಮ್ಮನಿಂದ. ಅಮ್ಮ ಲಕ್ಷ್ಮಿದೇವಮ್ಮನ ತವರು ಅದೇ ಊರು. ಅಜ್ಜ ಕೋನಪ್ಪ ಅಲ್ಲಿಯ ನೀರುಗಂಟಿ. ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಂಚುವ ಕೆಲಸ. ಮಗಳು ಅಲ್ಲಿಗೆ ಹೊರಟಾಗ ಅಮ್ಮ ಇಷ್ಟೇ ಅಂದಿದ್ದಳು: “ಊರಿನ ಗದ್ದೆಗೆಲ್ಲ ನೀರು ಬಿಟ್ಟ ನಮ್ಮಪ್ಪ. ಒಂದು ಗುಂಟೆ ಅವನ ಹೆಸರಲ್ಲಿರಲಿಲ್ಲ. ಅಲ್ಲೋಗಿ ಕುಣೀತೀಯಾ? ಕುಣಿ ಹೋಗು.”

ಕೋಣೆ ಕೊಟ್ಟ ಗಂಗುಲಪ್ಪ ರೇಷ್ಮೆ ಬೆಳೆಗಾರ, ಹಿಂದೊಮ್ಮೆ ಪಂಚಾಯಿತಿ ಮೆಂಬರು. ಕೆಳಗಿನ ಮನೆಯ ಅರ್ಧ ಹುಳುಗಳದ್ದು. ಬಂದ ದಿನವೇ ಆತ ಆಕೆಯ ಚೀಲದಿಂದ ಬಂದ ವಾಸನೆ ಹಿಡಿದ.

“ಮೇಡಂ, ಆ ಮುಲಾಮು ಇಲ್ಲಿ ಹಚ್ಚಂಗಿಲ್ಲ. ಹುಳಕ್ಕೆ ಆಗಲ್ಲ. ಊದುಬತ್ತಿ ಇಲ್ಲ, ಸೆಂಟಿಲ್ಲ. ನಮ್ಮನೆಯೋಳು ಮಲ್ಲಿಗೆ ಮುಡಿದು ಎಷ್ಟು ವರ್ಷ ಆಯ್ತು ಕೇಳಿ ಬೇಕಾದ್ರೆ.”

“ತಂದುಕೊಟ್ಟಿದ್ರೆ ತಾನೆ ಮುಡಿಯೋದು,” ಎಂದಳು ಹೆಂಡತಿ ಒಳಗಿನಿಂದ.

ಹೀಗಾಗಿ ಸಂಘಮಿತ್ರ ದಿನವೂ ಮುಲಾಮಿನ ಡಬ್ಬಿ ಹಿಡಿದು ಕೆರೆಗೆ ಹೋಗುತ್ತಿದ್ದಳು. ತೂಬಿನ ಎರಡು ಕಲ್ಲುಕಂಬಗಳ ನೆರಳಿನಲ್ಲಿ ಕೂತು ಮಂಡಿಗೆ ಹಚ್ಚಿಕೊಂಡು, ಡಬ್ಬಿಯನ್ನು ಕಲ್ಲಿನ ಸಂದಿಯಲ್ಲಿಟ್ಟು, ಅಂಗಳಕ್ಕೆ ಇಳಿಯುತ್ತಿದ್ದಳು.

ಇಳಿದರೆ ಅಲ್ಲಿ ಯಾರೂ ಇಲ್ಲ. ಎದುರಿಗೆ ಬಂಡೆಗಳು ಪೇರಿಸಿಟ್ಟಂತಿರುವ ಗುಡ್ಡ, ಈ ಕಡೆ ಕಟ್ಟೆ, ನಡುವೆ ಬಿರಿದ ಮಣ್ಣು. ಬಿರುಕಿನ ಅಂಚುಗಳು ಹಪ್ಪಳದ ಹಾಗೆ ಮೇಲೆದ್ದಿದ್ದವು. ಅಲ್ಲಲ್ಲಿ ಜಾಲಿ ತಾನಾಗಿ ಕಾಡು ಬೆಳೆದಿತ್ತು. ಮಣ್ಣಿನಲ್ಲಿ ಬಸವನಹುಳದ ಬಿಳಿ ಚಿಪ್ಪು, ನರಿಯ ಹೆಜ್ಜೆ. ಬೇಸಿಗೆಯಲ್ಲಿ ಯಾರೋ ಕಾಲುವೆಯ ಹೂಳು ಎತ್ತಿ ಬದಿಗೆ ಸುರಿದಿದ್ದರು. ಆ ಸಡಿಲ ಮಣ್ಣಿನ ಮೇಲೆ ಉರುಳುವುದನ್ನು ಅಭ್ಯಾಸ ಮಾಡಿದಳು. ಹಾಸಿಗೆಯಷ್ಟು ಮೆತ್ತಗಿತ್ತು. ಆ ಮಣ್ಣು ಅಲ್ಲಿಗೆ ಹೇಗೆ ಬಂತು ಎಂದು ಯೋಚಿಸಲಿಲ್ಲ. ನೀರುಗಂಟಿಯ ಮೊಮ್ಮಗಳಿಗೆ ಅದು ತಿಳಿಯಬೇಕಿತ್ತು.

ನೃತ್ಯ ಕಲಿಸಿದ್ದು ಅಲ್ಲಿದ್ದ ಒಂದು ಟಿಟ್ಟಿಭ. ಉದ್ದ ಹಳದಿ ಕಾಲು, ಕೆಂಪು ಕೊಕ್ಕು, ಹತ್ತಿರ ಹೋದರೆ ಊರಿಗೆಲ್ಲ ಕೇಳುವಂಥ ಕೂಗು. ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಬಾಗಿ ನೆಲ ಮುಟ್ಟುತ್ತದೆ, ಮತ್ತೆ ಓಡುತ್ತದೆ. ಓಡುವುದನ್ನು ಯಾರು ಬೇಕಾದರೂ ಕಲಿಯಬಹುದು. ನಿಲ್ಲುವುದು ಕಷ್ಟ. ಹಕ್ಕಿ ನಿಂತರೆ ಓಟದ ಒಂದು ಚೂರೂ ಮೈಯಲ್ಲಿ ಉಳಿಯುವುದಿಲ್ಲ. ಮನುಷ್ಯ ನಿಂತ ಮೇಲೂ ಒಂದಿಷ್ಟು ಹೊತ್ತು ಒಳಗೆ ಓಡುತ್ತಿರುತ್ತಾನೆ. ಆ ನಿಲುವಿಗೇ ಆಕೆಯ ಒಂದು ತಿಂಗಳು ಮತ್ತು ಮಂಡಿಯ ಬಹುಭಾಗ ಹೋಯಿತು. ಕೊನೆಗೆ ಬಂದಾಗ ತಿಳಿದದ್ದು, ಬಿರುಕಿನ ಅಂಚಿಗೆ ಹೆಬ್ಬೆರಳು ಸಿಕ್ಕರೆ ಮಾತ್ರ ಅದು ಬರುತ್ತದೆ ಎಂದು. ನೆಲವೇ ಕಾಲನ್ನು ಹಿಡಿದು ನಿಲ್ಲಿಸಬೇಕು.

ನೃತ್ಯದ ಕೊನೆಯಲ್ಲಿ ಆಕೆ ಮಲಗಿ ಒಂದು ಕಿವಿಯನ್ನು ಬಿರುಕಿಗೆ ಒತ್ತುತ್ತಿದ್ದಳು. ಎಂಥ ಬಿಸಿಲಿನಲ್ಲೂ ಒಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು. ಆ ತಂಪು ಕಿವಿಗೆ ತಾಗಿದ ಮೇಲೆ ಒಂದು ಕೈ ನಿಧಾನವಾಗಿ ಮೇಲೇಳಬೇಕು. ಅಷ್ಟೇ, ಮುಗಿಯಿತು.

ಹಾಗೆ ಮಲಗಿದ್ದಾಗ ಒಮ್ಮೆ ತಲೆಯ ಹತ್ತಿರ ಮೇಕೆ ಉಸಿರಾಡಿತು. ಅದರ ಹಿಂದೆ ಕೋಲು ಹಿಡಿದ ಮುದುಕಿ.

“ಏಂ ಪೋಯಿಂದಮ್ಮಾ?” ಎಂದಳು ತೆಲುಗಿನಲ್ಲಿ. ಆಮೇಲೆ ಕನ್ನಡಕ್ಕೆ ಬಂದಳು. “ಏನು ಕಳ್ಕೊಂಡೆ? ಮೂಗುಬೊಟ್ಟಾ?”

“ಏನೂ ಕಳ್ಕೊಂಡಿಲ್ಲ ಅಜ್ಜಿ. ಡ್ಯಾನ್ಸ್ ಮಾಡ್ತಿದ್ದೀನಿ.”

“ಹಾಡೆಲ್ಲಿ?”

“ಹಾಡಿಲ್ಲ.”

“ನೋಡೋರು?”

“ನೀವಿದ್ದೀರಲ್ಲ.”

“ನಾನು ಮೇಕೆ ನೋಡ್ತಿದ್ದೀನಿ ಕಣಮ್ಮ,” ಎಂದು ಮುದುಕಿ ಮುಂದೆ ಹೋದಳು. ಹೆಸರು ಅಕ್ಕಯಮ್ಮ.

ಅಂದಿನಿಂದ ಅಕ್ಕಯಮ್ಮ ಬಂದಾಗಲೆಲ್ಲ ಎರಡು ಮಾತಾಡುತ್ತಿದ್ದಳು. ಇಡೀ ದಿನದಲ್ಲಿ ಸಂಘಮಿತ್ರಳ ಜತೆ ಮಾತಾಡುತ್ತಿದ್ದವಳು ಅವಳೊಬ್ಬಳೇ. ಒಂದು ದಿನ, “ನೀನು ಯಾರ ಪೈಕಿ?” ಎಂದು ಕೇಳಿದಳು. ಅಲ್ಲಿಯವರೆಗೆ ಊರಿನವರು ಗೌರಿಬಿದನೂರಿನ ಟೀಚರು ಎಂದಷ್ಟಕ್ಕೆ ಸುಮ್ಮನಿದ್ದರು.

“ನೀರುಗಂಟಿ ಕೋನಪ್ಪ ನಮ್ಮಜ್ಜ.”

“ಲಕ್ಷ್ಮಿದೇವಿ ಮಗಳಾ? ಮೂಗು ನೋಡಿದಾಗಲೇ ಗೊತ್ತಾಗ್ಬೇಕಿತ್ತು ನಂಗೆ.”

ಮಾರನೆಯ ಬೆಳಿಗ್ಗೆ ಗಂಗುಲಪ್ಪನ ಮನೆಯ ಕಾಫಿ ಸ್ಟೀಲ್ ಲೋಟದ ಬದಲು ಕಾಗದದ ಲೋಟದಲ್ಲಿ ಬಂತು. ಗಂಗುಲಪ್ಪ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತ ಆ ಕಡೆ ತಿರುಗಿದ್ದ. ಸಂಘಮಿತ್ರ ಲೋಟವನ್ನು ಒಂದು ಕ್ಷಣ ನೋಡಿ ಕುಡಿದಳು. ಕಾಫಿಯ ರುಚಿ ಬದಲಾಗಿರಲಿಲ್ಲ. ಕೋಣೆ ಬಿಟ್ಟು ಹೋಗಬಹುದಿತ್ತು, ಆದರೆ ನೃತ್ಯಕ್ಕೆ ಇನ್ನೂ ಕೆಲಸ ಉಳಿದಿತ್ತು, ಕೆರೆಯ ಹತ್ತಿರ ಬೇರೆ ಕೋಣೆಯಿರಲಿಲ್ಲ. ಸಿಟ್ಟನ್ನು ಕೆರೆಗೆ ಒಯ್ದಳು. ಅವತ್ತು ನಿಲುವು ಚೆನ್ನಾಗಿ ಬಂತು.

ಶ್ರಾವಣ ಬಂದರೂ ಮಳೆಯಿಲ್ಲ. ಊರಿನಲ್ಲಿ ಚಂದಮಾಮನ ಪೂಜೆ ಇಟ್ಟುಕೊಂಡರು. ಸಂಜೆ ಬೀದಿಯಲ್ಲಿ ರಂಗೋಲಿಯ ಚಂದ್ರನನ್ನು ಬರೆದು, ಸುತ್ತ ಕೂತು ಮಳೆ ಕೇಳುವ ಪೂಜೆ. ಆ ವಾರವೇ ಹೆಂಗಸರು ಒಬ್ಬೊಬ್ಬರಾಗಿ ಕೆರೆಕಟ್ಟೆಗೆ ಬರತೊಡಗಿದರು. ಸಂಘಮಿತ್ರ ಕುಣಿಯುವ ಹೊತ್ತಿಗೆ ಸರಿಯಾಗಿ ಬಂದು ಮೇಲೆ ಸಾಲಾಗಿ ನಿಲ್ಲುತ್ತಿದ್ದರು. ನಗುವುದಿಲ್ಲ, ಫೋನ್ ಎತ್ತುವುದಿಲ್ಲ. ಆಕೆ ಮಲಗಿ ಕಿವಿ ಒತ್ತಿದಾಗ ಕಟ್ಟೆಯ ಮೇಲೆ ಸದ್ದೇ ಇರುತ್ತಿರಲಿಲ್ಲ.

ಒಂದು ದಿನ ಸಂಘಮಿತ್ರ ಎದ್ದು, ಮೈಯ ಮಣ್ಣು ಕೊಡವುತ್ತ ಅವರ ಕಡೆ ನೋಡಿದಳು. ಬೆಂಗಳೂರಿನಲ್ಲಿ ಟಿಕೆಟ್ ಕೊಟ್ಟು ಬಂದವರೂ ಹೀಗೆ ನೋಡಿದ್ದಿಲ್ಲ. ಗೆಜ್ಜೆಯಿಲ್ಲ, ಹಾಡಿಲ್ಲ, ಆದರೂ ಇವರಿಗೆ ಅರ್ಥವಾಗುತ್ತಿದೆ ಅಂದುಕೊಂಡಳು. ಅಂದು ಕೋಣೆಗೆ ಹೋಗಿ ಪ್ರಿಯಂವದಾಗೆ, “ಮೇಡಂ, ನೃತ್ಯ ಆಯ್ತು. ಬನ್ನಿ,” ಎಂದು ಮೆಸೇಜು ಹಾಕಿದಳು.

ಹೆಂಗಸರು ಕೈ ಮುಗಿದುಕೊಂಡು ನಿಂತಿರುತ್ತಿದ್ದರು. ಆ ದೂರಕ್ಕೆ, ಆ ಬೆಳಕಿಗೆ, ಅದು ಆಕೆಗೆ ಕಂಡಿರಲಿಲ್ಲ.

ಟಿಟ್ಟಿಭ ಮೊಟ್ಟೆಯಿಟ್ಟಿತ್ತು. ಗೂಡೆಂದು ಏನೂ ಇಲ್ಲ, ಬರಿ ನೆಲದ ಮೇಲೆ ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆ, ತೂಬಿನಿಂದ ಸ್ವಲ್ಪ ದೂರದಲ್ಲಿ. ಕೆರೆ ತುಂಬುವುದಾದರೆ ಹಕ್ಕಿ ಅಂಗಳದಲ್ಲಿ ಮೊಟ್ಟೆ ಇಡುವುದಿಲ್ಲ ಎಂದು ಅಕ್ಕಯಮ್ಮ ಹೇಳಿದ್ದಳು, ಬೇಸರದಿಂದ. ಸಂಘಮಿತ್ರಳಿಗೆ ಮನಸ್ಸು ಹಗುರವಾಗಿತ್ತು.

ಗಣೇಶನ ಹಬ್ಬಕ್ಕೆ ಇನ್ನೂ ನಾಲ್ಕು ದಿನವಿದ್ದಾಗ, ಮಧ್ಯಾಹ್ನ, ಗುಡ್ಡದ ಆಚೆ ಮೋಡ ಕಪ್ಪಾಗಿ ಕೂತಿತು. ಅಂಗಳದ ಮೇಲೆ ಬಿದ್ದದ್ದು ನಾಲ್ಕು ಹನಿ. ಆಕೆ ಕುಣಿಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಕಾಲುವೆಯ ಬಾಯಿಂದ ಮಡಿಕೆ ಉರುಳಿದಂಥ ಸದ್ದು ಬಂತು. ಕೆಂಪು ನೀರು ನಾಲಿಗೆ ಚಾಚಿ ಒಳಗೆ ಬಂತು. ಮುಂದೆ ಕಸಕಡ್ಡಿ, ಹಿಂದೆ ನೊರೆ. ಮೊದಲ ಬಿರುಕು ಅದನ್ನು ಗುಟುಕರಿಸಿತು, ಎರಡನೆಯದೂ ಗುಟುಕರಿಸಿತು. ಆಮೇಲೆ ಬಿರುಕುಗಳಿಗೆ ಸಾಕಾಯಿತು.

ಆಕೆ ಮೊಟ್ಟೆಯ ಹತ್ತಿರ ಓಡಿದಳು. ಹಕ್ಕಿ ತಲೆಯ ಮೇಲೆ ಕಿರುಚುತ್ತ ಸುತ್ತಿತು. ಮಣ್ಣಿನ ಹೆಂಟೆಯ ಸಮೇತ ನಾಲ್ಕನ್ನೂ ಎತ್ತಿ ಎದೆಗಿಟ್ಟುಕೊಂಡು ಕಟ್ಟೆಯ ಅರ್ಧಕ್ಕೆ ಹತ್ತಿ, ಕಲ್ಲುಗಳ ನಡುವೆ ಇಟ್ಟಳು. ದೂರ ಹೋಗಿ ಕೂತಳು. ಹಕ್ಕಿ ಆ ಕಡೆ ಬರಲಿಲ್ಲ. ಮೊಟ್ಟೆಯಿದ್ದ ಜಾಗದ ಮೇಲೆ ಈಗ ಮೊಣಕಾಲು ನೀರು. ಅದರ ಮೇಲೆಯೇ ಹಾರುತ್ತ ಕೂಗುತ್ತಿತ್ತು.

“ಮನುಷ್ಯರು ಮುಟ್ಟಿದ್ರೆ ಕೂರಲ್ಲ ಬಿಡಮ್ಮ,” ಎಂದಳು ಅಕ್ಕಯಮ್ಮ, ಮೇಕೆಗಳನ್ನು ಕಟ್ಟೆಗೆ ಹತ್ತಿಸುತ್ತ. “ಮುಟ್ಟದೆ ಇದ್ರೂ ಮುಳುಗ್ತಿತ್ತು.”

ಮೇಲಿನ ಕೆರೆ ಕೋಡಿ ಹರಿದಿತ್ತು. ಕಾಲುವೆ ತೆರೆದಿತ್ತು. ಕತ್ತಲಾಗುವುದರೊಳಗೆ ತೂಬಿನ ಕಂಬಗಳ ಅರ್ಧಕ್ಕೆ ನೀರು ಬಂತು, ಸಂದಿಯಲ್ಲಿಟ್ಟಿದ್ದ ಮುಲಾಮಿನ ಡಬ್ಬಿಯೂ ಹೋಯಿತು. ಇಡೀ ಊರು ಕಟ್ಟೆಯ ಮೇಲಿತ್ತು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರು ತೋರಿಸುತ್ತಿದ್ದರು. ಆ ಮಕ್ಕಳು ಆ ಕೆರೆಯಲ್ಲಿ ನೀರನ್ನೇ ಕಂಡಿರಲಿಲ್ಲ. ನಗದೆ ಇದ್ದವಳು ಸಂಘಮಿತ್ರ ಒಬ್ಬಳೇ. ಬೇರೆಯವರಿಗೆ ಅದು ಕಾಣದಿರಲೆಂದು ಆಕೆಯೂ ನಕ್ಕಳು.

ಕೋಣೆಗೆ ಬಂದು ಪ್ರಿಯಂವದಾಗೆ ಫೋನ್ ಮಾಡಿದಳು. “ಮೇಡಂ, ನೆಲ ಹೋಯ್ತು.”

“ಹೋಯ್ತು ಅಂದ್ರೆ?”

“ನೀರು ಬಂತು.”

“ಖುಷಿ ಪಡ್ಬೇಕೋ ಸಾರಿ ಅನ್ಬೇಕೋ ಗೊತ್ತಾಗ್ತಿಲ್ಲ ಕಣೇ. ಚಿಕ್ಕಬಳ್ಳಾಪುರದಲ್ಲಿ ಯಾವುದಾದ್ರೂ ಹಾಲ್ ನೋಡಣ್ವಾ? ಚಿಂತಾಮಣಿ ಕಡೆ ಇನ್ನೊಂದು ಒಣಕೆರೆ ಸಿಗಲ್ವಾ?”

“ಮಾಡಿ ನೋಡ್ತೀನಿ.”

ಮಹಡಿಯ ಸಿಮೆಂಟಿನ ಮೇಲೆ ಮಾಡಿ ನೋಡಿದಳು. ನಾಲ್ಕು ಹೆಜ್ಜೆ ಓಡಿ ನಿಂತರೆ ಹೆಬ್ಬೆರಳು ಬಿರುಕನ್ನು ಹುಡುಕಿತು, ಸಿಗಲಿಲ್ಲ, ಎಡಮಂಡಿ ಒಳಕ್ಕೆ ತಿರುಗಿತು. ಗೋಡೆ ಹಿಡಿದು ಕೂತಳು. ಮಲಗಿ ಕಿವಿ ಇಟ್ಟರೆ ಸಿಮೆಂಟು ಬಿಸಿ. ಕೆಳಗೆ ಹುಳುಗಳು ಸೊಪ್ಪು ಮೇಯುವ ಸದ್ದು, ಸಣ್ಣ ಮಳೆಯ ಹಾಗೆ. ಇನ್ನೊಂದು ಕೆರೆಗೆ ಹೋಗಿ ಇನ್ನೆರಡು ತಿಂಗಳು ಬಿದ್ದೇಳಲು ಮಂಡಿ ಒಪ್ಪುವುದಿಲ್ಲವೆಂದು ಡಾಕ್ಟರು ಹೇಳಬೇಕಾಗಿರಲಿಲ್ಲ. ಬರಬೇಡಿ ಎಂದು ಮೆಸೇಜು ಹಾಕಿದಳು. ಜಾಗ ಬೇರೆಯವರಿಗೆ ಹೋಯಿತು.

ಬೆಳಿಗ್ಗೆ ಕಾಫಿ ಸ್ಟೀಲ್ ಲೋಟದಲ್ಲಿ ಬಂತು. ತಂದವನು ಗಂಗುಲಪ್ಪನೇ.

“ನಾಳೆ ಗಂಗಮ್ಮನಿಗೆ ಬಾಗಿನ ಬಿಡ್ತೀವಿ. ನೀವು ಕಟ್ಟೆಗೆ ಬರ್ಬೇಕು. ಮಡಿಲು ತುಂಬ್ತಾರೆ. ಆ ಕುಣಿತ ಒಂದ್ಸಲ ಮಾಡ್ಬೇಕು.”

“ನನಗ್ಯಾಕೆ ಮಡಿಲು ತುಂಬೋದು?”

“ಇನ್ಯಾರಿಗೆ? ನೀರುಗಂಟಿ ಮನೆತನದೋರು ಬಂದು ನೆಲಕ್ಕೆ ಕಿವಿ ಇಟ್ಟು ಗಂಗಮ್ಮನ್ನ ಕರೆದ್ರಿ. ಊರೆಲ್ಲ ನೋಡಿದೆ.”

ಕಟ್ಟೆಯ ಮೇಲೆ ನಿಂತ ಹೆಂಗಸರು ಅಷ್ಟು ದಿನ ನೋಡಿದ್ದು ಏನನ್ನು ಎಂದು ಆಕೆಗೆ ಆಗ ತಿಳಿಯಿತು. ಕಾಫಿ ಕೈಯಲ್ಲೇ ಉಳಿಯಿತು.

“ಗಂಗುಲಪ್ಪನೋರೆ, ಕಾಲುವೆ ಹೂಳು ತೆಗೆಸಿದ್ದು ಯಾರು?”

“ನಾವೇ. ಏಪ್ರಿಲ್‌ನಲ್ಲಿ, ಜೆಸಿಬಿ ತರ್ಸಿ.”

“ನೀರು ಬಂದಿದ್ದು ಅದರಿಂದ.”

“ಅದರಿಂದ ದಾರಿ ಆಯ್ತು ಮೇಡಂ. ದಾರಿ ಇದೆ ಅಂತ ಯಾರಾದ್ರೂ ಮನೆಗೆ ಬರ್ತಾರಾ? ಕರೀಬೇಕಲ್ಲ.”

ನಾನು ಕರೆದದ್ದಲ್ಲ, ಒಣಗಿಯೇ ಇರಲಿ ಎಂದು ಬಯಸಿದ್ದೆ ಎಂದು ಹೇಳಬೇಕೆನಿಸಿತು. ಸಾವಿರದಿನ್ನೂರು ಅಡಿ ಕೊರೆದರೂ ಬರೀ ಧೂಳು ಬರುವ ಊರಿನವನ ಎದುರು ಆ ಮಾತು ಆಡುವಂಥದ್ದಲ್ಲ. ಆಡಿದರೂ ಆತ ನಂಬುತ್ತಿರಲಿಲ್ಲ. “ಬರ್ತೀನಿ,” ಎಂದಳು.

ಅಮ್ಮನಿಗೆ ಫೋನ್ ಮಾಡಿ ಹೇಳಿದಾಗ ಲಕ್ಷ್ಮಿದೇವಮ್ಮ ಕೇಳಿದ್ದು, “ಮಡಿಲಕ್ಕಿ ಕೈಗೆ ಕೊಡ್ತಾರೋ, ದೂರದಿಂದ ಸುರೀತಾರೋ ನೋಡ್ಕೋ.”

ಕೈಯಿಂದಲೇ ಕೊಟ್ಟರು. ಗಂಗುಲಪ್ಪನ ಹೆಂಡತಿ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ, ಕುಂಕುಮವಿಟ್ಟಳು. ಅವಳ ಬೆರಳು ಹಣೆಗೆ ತಾಗಿತು. ಅವಳ ತಲೆಯಲ್ಲಿ ಮಲ್ಲಿಗೆಯಿತ್ತು. ಹಿಂದಿನ ದಿನವೇ ಹುಳು ಗೂಡು ಕಟ್ಟಲು ಚಂದ್ರಿಕೆಯ ಬಿದಿರುತಟ್ಟೆ ಹತ್ತಿದ್ದವಂತೆ, ಇನ್ನು ವಾಸನೆಗೆ ಹೆದರಬೇಕಿರಲಿಲ್ಲ. ಮೊರದ ಬಾಗಿನಗಳು ನೀರಿಗೆ ಹೋದವು. “ಈಗ ಕುಣಿಯಮ್ಮ,” ಎಂದರು.

ಕಟ್ಟೆಯ ಅಗಲ ಒಂದು ಎತ್ತಿನ ಗಾಡಿಯಷ್ಟು. ಉರುಳಲು ಜಾಗವಿಲ್ಲ, ಮಲಗಲು ಇಲ್ಲ. ಸಂಘಮಿತ್ರ ಅವನ್ನೆಲ್ಲ ಬಿಟ್ಟು ಹಕ್ಕಿಯ ನಡಿಗೆಯೊಂದನ್ನೇ ಇಟ್ಟುಕೊಂಡಳು. ನಾಲ್ಕು ಹೆಜ್ಜೆ ಓಡಿದಳು, ನಿಂತಳು, ಬಾಗಿ ನೆಲ ಮುಟ್ಟಿದಳು, ಮತ್ತೆ ಓಡಿದಳು. ಕಟ್ಟೆಯ ಮಣ್ಣಿನಲ್ಲಿದ್ದ ಒಂದು ಕಲ್ಲು ಹೆಬ್ಬೆರಳಿಗೆ ಸಿಕ್ಕಿತು. ಆ ಒಂದು ಸಲ ನಿಲುವು ಪೂರ್ತಿ ಬಂತು; ಮೈಯೊಳಗೆ ಏನೂ ಓಡುತ್ತಿರಲಿಲ್ಲ. ಅದೇ ನಿಲುವಿನಲ್ಲಿ ಜನರ ಕಡೆ ನೋಡಿದಳು. ಎಲ್ಲರ ಬೆನ್ನು ಕಂಡಿತು. ಊರಿಗೆ ಊರೇ ಕೈ ಮುಗಿದು ನೀರಿನ ಕಡೆ ತಿರುಗಿ ನಿಂತಿತ್ತು. ಅದರಲ್ಲಿ ತಪ್ಪೇನಿಲ್ಲ. ಹನ್ನೆರಡು ವರ್ಷದ ಮೇಲೆ ಬಂದ ನೀರು.

ಈ ಕಡೆ ತಿರುಗಿದ್ದವಳು ಅಕ್ಕಯಮ್ಮ ಒಬ್ಬಳು. ಅವಳ ಮೇಕೆಗಳು ಈ ಕಡೆ ಇದ್ದವು.

ಪೂಜೆ ಮುಗಿದು ಜನ ಕರಗಿದ ಮೇಲೆ ಹತ್ತಿರ ಬಂದಳು. “ಅದು ಆ ಕೂಗೋ ಹಕ್ಕಿ ಅಲ್ವಾ, ನೀನು ಮಾಡಿದ್ದು?”

“ಹೌದು ಅಜ್ಜಿ.”

“ಹಂಗೇ ನಿಲ್ಲುತ್ತೆ ಅದು.” ಮುದುಕಿ ನೀರಿನ ಕಡೆ ಒಮ್ಮೆ ನೋಡಿದಳು. “ಬೆಳಿಗ್ಗೆಯಿಂದ ಕಾಣ್ಲಿಲ್ಲ. ಬೇರೆ ಕಡೆ ಹೋಗಿರ್ಬೇಕು. ಮೊಟ್ಟೆ ಹೋದ್ಮೇಲೆ ಇನ್ನೇನು.” ಅಷ್ಟು ಹೇಳಿ, ಹೊಂಗೆ ಗಿಡಕ್ಕೆ ಬಾಯಿ ಹಾಕಿದ ಮೇಕೆಯನ್ನು ಬೈಯುತ್ತ ಹೋದಳು.

ಸಂಘಮಿತ್ರ ಮಧ್ಯಾಹ್ನದ ಬಸ್ಸಿಗೆ ಶಿಡ್ಲಘಟ್ಟಕ್ಕೆ ಬಂದು, ಅಲ್ಲಿಂದ ಚಿಕ್ಕಬಳ್ಳಾಪುರದ ಮೇಲೆ ಗೌರಿಬಿದನೂರು ಸೇರಿದಳು. ಅಮ್ಮ ಮಡಿಲಕ್ಕಿಯನ್ನು ಬಿಚ್ಚಿ, ಕಲ್ಲು ಆರಿಸಿ, ಅದೇ ಸಂಜೆ ಅನ್ನಕ್ಕಿಟ್ಟಳು. “ನಮ್ಮಪ್ಪನಿಗೆ ಒಂದು ತೆಂಗಿನಕಾಯಿ ಕೊಟ್ಟೋರಲ್ಲ,” ಎಂದಳು, ಒಲೆಯ ಕಡೆ ನೋಡಿಕೊಂಡೇ.

ಆ ನೃತ್ಯವನ್ನು ಆಕೆ ಮತ್ತೆ ಮಾಡಲಿಲ್ಲ. ಹೋದದ್ದು ಅದೊಂದು ನೃತ್ಯ, ಅದು ನಿಲ್ಲುತ್ತಿದ್ದ ನೆಲ, ಎಡಮಂಡಿ, ಮತ್ತು ಒಂದು ಹಕ್ಕಿಯ ನಾಲ್ಕು ಮೊಟ್ಟೆ. ಊರಿಗೆ ಕೆರೆ ಸಿಕ್ಕಿತು. ಅಮ್ಮನಿಗೆ ತವರಿನ ಅಕ್ಕಿ ಸಿಕ್ಕಿತು. ಆಕೆಗೆ ಸಿಕ್ಕದ್ದು, ಅದು ಯಾವ ಹಕ್ಕಿಯೆಂದು ಗುರುತಿಸಿದ ಒಬ್ಬಳು.